ಒಣಬಾಯಿಯ ಕ್ಲಾರಿನೆಟ್ಟು ಮತ್ತು ನಿಮ್ಮ ಮೂಕ ಕಿಟಕಿ

ತಿಕೋಟಾ,
೩೦ ಜೂನ್ ೧೯೭೮

ದವಾಖಾನೆಯ ಔಷಧ ವಿತರಣೆಯ ಮೇಲಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಒಂದು ಗುಳಿಗೆ ನನ್ನ ಜೀವ ಉಳಿಸಿತು. ನಿಮ್ಮ ಒಂದು ಕಿಟಕಿ ಅದೇ ಜೀವವನ್ನು ಕಳೆಯುವುದರಲ್ಲಿತ್ತು. ಮೊದಲನೆಯದಕ್ಕೆ ಅನಂತ ಧನ್ಯವಾದ, ಎರಡನೆಯದಕ್ಕೆ ಈ ಪತ್ರ. ನನ್ನ ತಕರಾರು ಒಂದೇ. ಮನಸ್ಸು ಕುಸಿದವರಿಗೆ ಡಾಕ್ಟರು ಬರೆಯುವ ಗುಳಿಗೆಯನ್ನು ನಿಮ್ಮ ಕಿಟಕಿ ಪುಡಿಕೆ ಕಟ್ಟಿ ಕೊಡುತ್ತದೆ. ಆದರೆ ಅದನ್ನು ನುಂಗಿದರೆ ಮೈಯಲ್ಲಿ ಏನೇನಾಗುತ್ತದೆ, ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಬರೆದೂ ಕೊಡುವುದಿಲ್ಲ. ದವಾಖಾನೆಯ ಹೆಸರು ಹಾಕಬೇಡಿ ಎಂದು ಈ ಬಹಿರಂಗ ಪತ್ರವನ್ನು ಅಚ್ಚು ಹಾಕುವ ವಾರಪತ್ರಿಕೆಯ ಸಂಪಾದಕರು ಹೇಳಿದ್ದಾರೆ, ಹಾಕುವುದಿಲ್ಲ. ವಿಜಾಪುರದಲ್ಲಿ ಆ ಕಿಟಕಿಯ ಮುಂದೆ ಪಾಳಿ ಹಚ್ಚಿದವರಿಗೆ ಹೆಸರು ಬೇಕಾಗಿಯೂ ಇಲ್ಲ.

ಪತ್ರದ ಧಾಟಿ ಸ್ವಲ್ಪ ಹಗುರಾಯಿತು ಎಂದು ತಮಗೆ ಅನ್ನಿಸಿದರೆ ದಯವಿಟ್ಟು ಸಹಿಸಿಕೊಳ್ಳಿ. ನಾನು ನಾಲ್ಕು ತಿಂಗಳು ನಕ್ಕಿರಲಿಲ್ಲ. ಈಗ ಶುರುವಾದದ್ದು ನಿಲ್ಲುತ್ತಿಲ್ಲ. ಸಂಶಯ ಬಂದು ಡಾಕ್ಟರರನ್ನೇ ಕೇಳಿದೆ, ಇದು ಗುಳಿಗೆ ಹೆಚ್ಚಾಗಿ ಬಂದ ನಗೆಯೇನೂ ಅಲ್ಲವಷ್ಟೇ ಎಂದು. ಅವರು ನಕ್ಕು ತಳ್ಳಿಹಾಕಲಿಲ್ಲ. ಹಾಗೂ ಆಗುವುದುಂಟು ಎಂದು ನನ್ನ ನಿದ್ದೆ, ಊಟ, ಮಾತು, ಖರ್ಚು ಎಲ್ಲ ವಿಚಾರಿಸಿ, ಇಲ್ಲ, ಇದು ನಿಮ್ಮ ಸ್ವಂತದ್ದೇ ಎಂದು ತೀರ್ಪು ಕೊಟ್ಟರು. ಹಾಗಾಗಿ ಈ ಪತ್ರದಲ್ಲಿರುವ ಎಲ್ಲ ಕೊಂಕಿಗೂ ನಾನೊಬ್ಬನೇ ಜವಾಬ್ದಾರ, ಔಷಧವಲ್ಲ.

ನನ್ನ ಹೆಸರು ಜಿಲಾನಿ. ತಿಕೋಟಾದ ಬ್ಯಾಂಡ್ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕ್ಲಾರಿನೆಟ್ ಊದುತ್ತೇನೆ. ಕನಮಡಿಯಿಂದ ಕಾಖಂಡಕಿಯವರೆಗೆ ಮದುವೆಯಾದ ಗಂಡಸರಲ್ಲಿ ಅರ್ಧದಷ್ಟು ಜನರನ್ನು ಕುದುರೆ ಮೇಲಿನಿಂದ ಹಂದರದವರೆಗೆ ಮುಟ್ಟಿಸಿದವನು ನಾನು. ಅಲ್ಲಿಂದ ಮುಂದಿನದಕ್ಕೆ ನಾನು ಹೊಣೆಯಲ್ಲ. ಮನೆಯಲ್ಲಿ ನಾವಾಡುವುದು ಉರ್ದು, ಆದರೆ ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿದ್ದೇನೆ, ಆದ್ದರಿಂದ ಮೇಲಧಿಕಾರಿಗಳಿಗೆ ಬೇಕಾಗುವಷ್ಟು ಕನ್ನಡ ನನ್ನಲ್ಲಿದೆ. ಹೆಂಡತಿ ಮುನೀರಾ ಸಿಟ್ಟು ಬಂದಾಗ ಮಾತ್ರ ಕನ್ನಡಕ್ಕೆ ಬರುತ್ತಾಳೆ. ಈ ವರ್ಷ ಆಕೆಯ ಕನ್ನಡ ಬಹಳ ಸುಧಾರಿಸಿದೆ.

ಕಳೆದ ದೀಪಾವಳಿಯ ಹೊತ್ತಿಗೆ ನನ್ನೊಳಗೆ ಏನೋ ಆರಿಹೋಯಿತು. ಕಾರಣ ಕೇಳಬೇಡಿ, ಊರೆಲ್ಲ ಕೇಳಿ ಸೋತಿದೆ. ಮನೆಯಲ್ಲಿ ಯಾರೂ ಸತ್ತಿರಲಿಲ್ಲ, ಯಾರೊಂದಿಗೂ ಜಗಳವಿರಲಿಲ್ಲ. ಬೆಳಗಾದರೆ ಎದ್ದು ಕೂರುವುದೇ ದೊಡ್ಡ ಕೆಲಸ. ಕ್ಲಾರಿನೆಟ್ ಪೆಟ್ಟಿಗೆಯಿಂದ ಹೊರಗೆ ಬರಲಿಲ್ಲ. ರೊಟ್ಟಿ ಬಾಯಿಗಿಟ್ಟರೆ ರಟ್ಟು. ಅಳು ಬಂದಿದ್ದರಾದರೂ ಒಳ್ಳೆಯದಿತ್ತು, ಅದೂ ಬರಲಿಲ್ಲ. ಊರು ತನಗೆ ಗೊತ್ತಿದ್ದುದನ್ನೆಲ್ಲ ಪ್ರೀತಿಯಿಂದಲೇ ಮಾಡಿತು. ದರ್ಗಾಕ್ಕೆ ಕರೆದೊಯ್ದರು, ತಾಯತ ಕಟ್ಟಿದರು. ಪಕ್ಕದ ಮನೆಯ ಸಕ್ರವ್ವ ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದು, ಘಾಟಿಗೆ ತಾನೇ ಕೆಮ್ಮುತ್ತ ಕುಳಿತಳು. ನಾನು ಎಲ್ಲವನ್ನೂ ನೋಡುತ್ತಿದ್ದೆ, ಅದು ಬೇರೆ ಯಾರದೋ ಮನೆಯಲ್ಲಿ ನಡೆಯುತ್ತಿದೆ ಎಂಬಂತೆ ಅನ್ನಿಸುತ್ತಿತ್ತು.

ಕೊನೆಗೆ ಗುರುಪಾದಯ್ಯನವರು ಬಂದರು. ಅವರು ನಮ್ಮ ಕಂಪನಿಯ ಮಾಲಕರು, ಜೊತೆಗೆ ಊರಿನ ಅಯ್ಯನವರು. ಬೆಳಿಗ್ಗೆ ಪಂಚಾಂಗ ತೆರೆದು ಲಗ್ನದ ಮುಹೂರ್ತ ಇಡುತ್ತಾರೆ, ಅದೇ ಕೂತಲ್ಲಿ ಆ ಲಗ್ನಕ್ಕೆ ನಮ್ಮ ಬ್ಯಾಂಡನ್ನೂ ಗೊತ್ತುಮಾಡುತ್ತಾರೆ. ಇಷ್ಟು ಚೊಕ್ಕ ವ್ಯವಸ್ಥೆ ನಿಮ್ಮ ಇಲಾಖೆಯಲ್ಲಿಯೂ ಇಲ್ಲ. "ಜಿಲಾನಿ, ನಿನ್ನ ರೋಗ ತಾಯತಕ್ಕ ಕೇಳೂದಲ್ಲೋ ತಮ್ಮಾ. ನಾಳೆ ಮುಂಜಾನಿ ಬಸ್ಸಿಗಿ ವಿಜಾಪುರಕ್ಕ ಹೋಗೂಣು, ಏಳು" ಎಂದರು. ನಿಮ್ಮಲ್ಲಿಗೆ ತಿಂಗಳಿಗೊಂದು ಗುರುವಾರ ಮನಸ್ಸಿನ ಡಾಕ್ಟರು ಬರುತ್ತಾರೆ. ಒಳ್ಳೆಯವರು. ಆದರೆ ಒಂದು ಬೆಳಗಿಗೆ ಅರವತ್ತು ರೋಗಿಗಳು. ನನ್ನ ಪಾಲಿಗೆ ಬಂದ ಮೂರು ನಿಮಿಷದಲ್ಲಿ ಅವರು ನನ್ನ ರೋಗವನ್ನು ಗುರುತಿಸಿದರು, ಇದು ವಾಸಿಯಾಗುವಂಥದ್ದು ಎಂದರು, ಚೀಟಿ ಬರೆದರು, ಉಳಿದದ್ದನ್ನು ಔಷಧ ಕೊಡುವವರು ಹೇಳುತ್ತಾರೆ ಎಂದರು. ಪಾಪ, ಅವರು ನಿಮ್ಮ ಕಿಟಕಿಯನ್ನು ನೋಡಿರಲಿಕ್ಕಿಲ್ಲ.

ನಾನು ನೋಡಿದ್ದೇನೆ. ಆ ಕಿಟಕಿಯಲ್ಲಿ ಒಂದು ಕೈ ಇದೆ. ಕೈಯ ಹಿಂದೆ ಮನುಷ್ಯನಿದ್ದಾನೆಯೇ ಎಂಬುದನ್ನು ಬಗ್ಗಿ ನೋಡಲು ಪಾಳಿಯವರು ಬಿಡುವುದಿಲ್ಲ. ಕೈ ಚೀಟಿ ಎಳೆದುಕೊಂಡಿತು, ಪುಡಿಕೆ ಹೊರಗೆ ಬಂತು, ಜೊತೆಗೆ ಒಂದು ದನಿಯೂ ಬಂತು: "ದಿನಕ್ಕ ಮೂರು ಗುಳಿಗಿ. ಸರೀರಿ ಮುಂದ." ಐದೇ ಐದು ಮಾತು. ಅದರಲ್ಲಿ ಎರಡು ನನ್ನನ್ನು ಓಡಿಸುವುದಕ್ಕೆ. ಹೊರಗೆ ಬಂದು ಬೇವಿನ ಗಿಡದ ಕೆಳಗೆ ಪುಡಿಕೆ ನೋಡಿದೆ. ಅದರ ಮೇಲೆ ಕನ್ನಡದಲ್ಲಿ ಬರಹ ಇತ್ತು, ಆಸೆಯಿಂದ ಓದಿದೆ. ಹಳೆಯ ವರ್ತಮಾನ ಪತ್ರಿಕೆಯ ತುಂಡು, ಅಥಣಿ ರಸ್ತೆಯಲ್ಲಿ ಕಳೆದುಹೋದ ಎಮ್ಮೆಯ ಜಾಹೀರಾತು. ಎಮ್ಮೆಯ ಬಣ್ಣ, ವಯಸ್ಸು, ಮುರಿದ ಎಡಗೋಡು, ಯಾರಾದರೂ ಹತ್ತಿರ ಹೋದರೆ ಹಾಯುತ್ತದೆ ಎಂಬ ಎಚ್ಚರಿಕೆ, ಎಲ್ಲವೂ ವಿವರವಾಗಿ ಇತ್ತು. ನಾನು ದಿನಕ್ಕೆ ಮೂರು ಸಲ ಹೊಟ್ಟೆಗೆ ಹಾಕಿಕೊಳ್ಳಬೇಕಾದ ಪದಾರ್ಥದ ಬಗ್ಗೆ ಅಷ್ಟರಲ್ಲಿ ಕಾಲುಭಾಗವೂ ಇರಲಿಲ್ಲ.

ಆ ಗುಳಿಗೆಯ ಹೆಸರು ಅಮಿಟ್ರಿಪ್ಟಿಲಿನ್. ಅದನ್ನು ತಪ್ಪದೆ ಹೇಳಲು ನನಗೆ ಒಂದು ವಾರದ ರಿಯಾಜು ಹಿಡಿಯಿತು. ಮೊದಲ ಹದಿನೈದು ದಿನ ಮನಸ್ಸಿಗೆ ಏನೂ ಆಗಲಿಲ್ಲ. ಆದದ್ದೆಲ್ಲ ಉಳಿದ ಅಂಗಗಳಿಗೆ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಹಗಲೆಲ್ಲ ತೂಕಡಿಕೆ. ಥಟ್ಟನೆ ಎದ್ದರೆ ತಲೆ ತಿರುಗುವುದು. ಹತ್ತಿರದ ಅಕ್ಷರ ಮಂಜು. ಬೆಳಗಿನ ಕಾರ್ಯದ ವಿಷಯವನ್ನು ಬಹಿರಂಗ ಪತ್ರದಲ್ಲಿ ಬರೆಯುವುದು ಸಭ್ಯತೆಯಲ್ಲ; ಚೊಂಬು ಹೋದಷ್ಟೇ ತುಂಬಿ ತಿರುಗಿ ಬರುತ್ತಿತ್ತು ಎಂದಷ್ಟೇ ಹೇಳುತ್ತೇನೆ. ಇದೆಲ್ಲ ಗುಳಿಗೆಯ ಗುಣವೋ, ಹೊಸ ರೋಗವೋ, ನನಗೆ ಹೇಗೆ ಗೊತ್ತಾಗಬೇಕು? ಎಷ್ಟೋ ಜನ ಇಲ್ಲಿಯೇ ಹೆದರಿ ಪುಡಿಕೆಯನ್ನು ತಿಪ್ಪೆಗೆ ಎಸೆದಿರುತ್ತಾರೆ. ನಾನು ಎಸೆಯದೆ ಇದ್ದದ್ದು ಜಾಣತನದಿಂದಲ್ಲ, ಎದ್ದು ತಿಪ್ಪೆಯವರೆಗೆ ಹೋಗುವ ಹುಮ್ಮಸ್ಸು ಇರಲಿಲ್ಲ.

ಮೂರನೆಯ ವಾರ ಮುಗಿಯುವಾಗ ಒಂದು ಮಧ್ಯಾಹ್ನ ಮುನೀರಾ ಕಡಲೆಹಿಟ್ಟಿನ ಜುಣಕ ಮಾಡುತ್ತಿದ್ದಳು. ಉಳ್ಳಾಗಡ್ಡಿ ಎಣ್ಣೆಯಲ್ಲಿ ಬಿದ್ದ ವಾಸನೆ ನನಗೆ ಬಂತು. ವಾಸನೆ ಮೊದಲೂ ಬರುತ್ತಿತ್ತು, ಆದರೆ ಅಂದು ಅದು ನನಗಾಗಿ ಬಂತು. "ಇನ್ನೊಂದು ರೊಟ್ಟಿ ಹಾಕು" ಎಂದೆ. ಅವಳು ಒಲೆಯ ಮುಂದೆಯೇ ಕೂತು ಅತ್ತಳು, ರೊಟ್ಟಿ ಹೊತ್ತಿತು, ನಾನು ಹೊತ್ತಿದ ರೊಟ್ಟಿಯನ್ನೇ ತಿಂದೆ. ಮಾನ್ಯರೇ, ನನಗೆ ಸಂತೋಷವಾಯಿತು. ಅಂಥ ಸಂತೋಷ ನನ್ನ ಲಗ್ನದ ದಿನವೂ ಆಗಿರಲಿಲ್ಲ, ಇದನ್ನು ಮುನೀರಾಗೆ ಹೇಳಿದ್ದೇನೆ, ಆಕೆಯೂ ಒಪ್ಪಿದ್ದಾಳೆ. ಸಂಜೆ ಪೆಟ್ಟಿಗೆ ತೆರೆದು ಕ್ಲಾರಿನೆಟ್ ಒರೆಸಿದೆ. ಸಕ್ರವ್ವ ತನ್ನ ಮೆಣಸಿನಕಾಯಿಯೇ ತಡವಾಗಿ ಕೆಲಸ ಮಾಡಿತು ಎಂದು ಓಣಿಯಲ್ಲಿ ಹೇಳಿಕೊಂಡು ಬಂದಳು. ನಾನು ಎದುರಾಡಲಿಲ್ಲ.

ಇನ್ನು ಮುಂದೆ ನಿಮ್ಮ ಕಿಟಕಿಯ ಪ್ರತಾಪ. ಲಗ್ನದ ಸುಗ್ಗಿ ಶುರುವಾಯಿತು. ಮೊದಲ ಕರೆ ಬಬಲೇಶ್ವರದ್ದು. ಕ್ಲಾರಿನೆಟ್ಟಿನ ಬಾಯಿಗೆ ಜೊಂಡಿನ ಒಂದು ತೆಳುವಾದ ಪಟ್ಟಿ ಇರುತ್ತದೆ. ಅದು ಉಗುಳಿನಿಂದ ಒದ್ದೆಯಾಗಿದ್ದರೆ ಮಾತ್ರ ಸ್ವರ. ನನ್ನ ಬಾಯಲ್ಲಿ ಹನಿ ನೀರಿಲ್ಲ. ಮೆರವಣಿಗೆ ಊರಬಾಗಿಲ ಅಗಸಿ ದಾಟುವ ಹೊತ್ತಿಗೆ ನಾನು ಏರು ಸ್ವರಕ್ಕೆ ಹೋದೆ, ಅದು ಹಾಡುವ ಬದಲು ಚೀರಿತು. ಕುದುರೆ ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು. ಮದುಮಗನ ಬಾಸಿಂಗ ಮೂಗಿನ ಮೇಲೆ ಬಂತು. ಅವನ ಸೋದರಮಾವ ನನ್ನ ಹತ್ತಿರ ಬಂದು ಬಹಳ ಗಂಭೀರವಾಗಿ, "ಯಾಕ ಮಾಸ್ತರ, ನಿಮ್ಮ ವಾದ್ಯಕ್ಕ ಹಲ್ಲುಬ್ಯಾನಿ ಬಂದಂಗೈತಲ್ಲ" ಎಂದ. ಯಾರೋ ಲಿಂಬೆಹಣ್ಣು ತಂದು ನನ್ನ ಬಾಯಿಗೆ ಹಿಂಡಿದರು. ಅದನ್ನು ನೋಡಿ ಉಳಿದ ಊದುವವರಿಗೆಲ್ಲ ಬಾಯಲ್ಲಿ ನೀರೂರಿ, ತುತ್ತೂರಿಯೂ ನಿಂತಿತು. ಡೋಲಿನವನೊಬ್ಬನೇ ಹಂದರ ಮುಟ್ಟಿದ.

ಅಂದು ಮರಳಿ ಬರುವ ಬಸ್ಸಿನಲ್ಲಿ ನಾನೂ ಗುರುಪಾದಯ್ಯನವರೂ ಸೇರಿ ವೈದ್ಯಶಾಸ್ತ್ರಕ್ಕೆ ಒಂದು ಕೊಡುಗೆ ಕೊಟ್ಟೆವು. ಅಯ್ಯನವರು ಚೀಲದಿಂದ ಪಂಚಾಂಗ ತೆಗೆದರು. "ಗುಳಿಗಿ ತಗೊಂಡ್ರ ಬಾಯಿ ಒಣಗತೈತಿ. ಬಾಯಿ ಒಣಗಿದ್ರ ಊದಾಕ ಬರಂಗಿಲ್ಲ. ಅಂದಮ್ಯಾಲ ಮುಹೂರ್ತ ಇದ್ದ ದಿನ ಗುಳಿಗಿ ಬ್ಯಾಡ. ಬಿಟ್ಟದ್ದನ್ನ ಮುಹೂರ್ತ ಇಲ್ಲದ ದಿನ ತುಂಬಿಕೊಂಡ್ರ ಆತು" ಎಂದರು. ನಾನು, "ಬರೋಬ್ಬರಿ ಅಂದ್ರಿ ಅಯ್ಯಾರ" ಎಂದೆ. ನಗಬೇಡಿ. ನಮ್ಮ ಧಂದೆ ನಡೆಯುವುದೇ ಹಾಗೆ. ಮುಹೂರ್ತದ ದಿನ ನಮಗೆ ಊಟವಿಲ್ಲ, ನಿದ್ದೆಯಿಲ್ಲ. ಮುಹೂರ್ತವಿಲ್ಲದ ದಿನ ಎರಡು ದಿನದ್ದು ಉಣ್ಣುತ್ತೇವೆ, ಎರಡು ದಿನದ್ದು ಮಲಗುತ್ತೇವೆ. ಇಪ್ಪತ್ತೆರಡು ವರ್ಷ ಅನ್ನಕ್ಕೂ ನಿದ್ದೆಗೂ ಸರಿಹೋದ ಲೆಕ್ಕ ಗುಳಿಗೆಗೆ ಹೋಗುವುದಿಲ್ಲ ಎಂದು ಹೇಳಬೇಕಾದವರು ಯಾರು? ಎಮ್ಮೆಯ ಮಾಲಕನೇ?

ವೈಶಾಖ ಬಂತು. ಈ ಸಲ ವೈಶಾಖದಲ್ಲಿ ಮುಹೂರ್ತಗಳು ಒಂದರ ಬೆನ್ನಿಗೆ ಒಂದು. ಆರು ದಿನ ಸಾಲಾಗಿ ಲಗ್ನ, ಆರು ದಿನ ಗುಳಿಗೆ ಬಂದ್. ಎರಡನೆಯ ದಿನ ಬಾಯಿಗೆ ನೀರು ಬಂತು, ಕ್ಲಾರಿನೆಟ್ ಹಾಡಿತು, ಅಯ್ಯನವರು ಪಂಚಾಂಗಕ್ಕೆ ಕೈಮುಗಿದರು. ಮೂರನೆಯ ದಿನ ಹೊಟ್ಟೆ ತೊಳಸಿತು, ಬೆವರು, ತಲೆನೋವು, ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಐದನೆಯ ದಿನ ಊಟ ಮತ್ತೆ ರಟ್ಟಾಯಿತು. ಆರನೆಯ ದಿನ ಕಾಖಂಡಕಿಯ ಮದುವೆಮನೆಯ ಹಿಂದೆ ಒಂದು ಬಾವಿ ಇತ್ತು. ಊಟಕ್ಕೆ ಕರೆಯುವಾಗ ನಾನು ಅದರ ಕಟ್ಟೆಯ ಮೇಲೆ ನಿಂತಿದ್ದೆ. ನೀರು ಸೇದುವುದಕ್ಕಲ್ಲ. ಗುರುಪಾದಯ್ಯನವರು ಬಂದು ಏನೂ ಕೇಳದೆ ನನ್ನ ರಟ್ಟೆ ಹಿಡಿದರು, ಬಸ್ಸು ತಿಕೋಟಾ ಮುಟ್ಟುವವರೆಗೆ ಬಿಡಲಿಲ್ಲ. ಇದನ್ನು ಬರೆಯುವಾಗ ನನಗೆ ನಗು ಬರುತ್ತಿಲ್ಲ. ನೀವೂ ಈ ನಾಲ್ಕು ಸಾಲುಗಳನ್ನು ಎರಡು ಸಲ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಮರುದಿನ ಅಮಾವಾಸ್ಯೆ. ಅಮಾವಾಸ್ಯೆಗೆ ಲಗ್ನವಿಲ್ಲ. ಹೆದರಿದ್ದ ನಾನು ಬಿಟ್ಟದ್ದನ್ನು ತುಂಬಿಕೊಳ್ಳಲು ಒಂದು ಹಿಡಿ ಗುಳಿಗೆಯನ್ನು ಒಂದೇ ಸಲ ನುಂಗಿದೆ. ಬೇಗ ಮೊದಲಿನಂತಾಗಬೇಕು, ಆ ಬಾವಿಯಿಂದ ದೂರ ಹೋಗಬೇಕು ಎಂಬುದೊಂದೇ ಮನಸ್ಸಿನಲ್ಲಿತ್ತು. ಮುಂದಿನದನ್ನು ಮುನೀರಾ ಹೇಳಿದ್ದರಿಂದ ಬಲ್ಲೆ. ಎದೆ ಡೋಲಿನಂತೆ ಬಡಿದುಕೊಳ್ಳುತ್ತಿತ್ತಂತೆ. ನಮ್ಮ ಆಡಿಗೆ ನಾನು ಬೀಗರೆಂದು ಸಲಾಂ ಮಾಡಿ, ದಾರಿಯಲ್ಲಿ ತೊಂದರೆಯಾಗಲಿಲ್ಲವಷ್ಟೇ ಎಂದು ಕೇಳಿ, ಕುಳ್ಳಿರಲು ಚಾಪೆ ಹಾಸಿದೆನಂತೆ. ಆಡು ಕುಳಿತಿತು, ಅದು ನಮ್ಮ ಮನೆಯಲ್ಲಿ ಬೆಳೆದದ್ದು, ಮರ್ಯಾದೆ ಬಲ್ಲದು. ಆಮೇಲೆ ನಾನು ಎದ್ದು ನಿಂತೆ, ಕಣ್ಣು ಕತ್ತಲಾಗಿ ಒರಳಕಲ್ಲಿನ ಮೇಲೆ ಬಿದ್ದೆ. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. "ಏಳಬ್ಯಾಡ್ರಿ ಅಂದೆ. ಎದ್ರಿ. ಹಿಡಕೊಳ್ರಿ ಅಂದೆ. ಆಡಿನ ಕಿವಿ ಹಿಡಕೊಂಡ್ರಿ" ಎಂಬುದು ಆಕೆಯ ಅಧಿಕೃತ ಹೇಳಿಕೆ.

ಸಕ್ರವ್ವನೂ ಮುನೀರಾಳೂ ನನ್ನನ್ನು ಜೀಪೊಂದರಲ್ಲಿ ಹಾಕಿಕೊಂಡು ವಿಜಾಪುರಕ್ಕೆ ತಂದರು. ಅಂದು ಇದ್ದವರು ಮೈಸೂರಿನ ಕಡೆಯ ಒಬ್ಬ ಹೆಣ್ಣುಮಗಳು ಡಾಕ್ಟರು. ಪುಡಿಕೆ ಎಣಿಸಿ ನೋಡಿ, "ಹೀಗೆ ತಗೊಳ್ಳೋಕೆ ಹೇಳಿದ್ದು ಯಾರು?" ಎಂದು ಕೇಳಿದರು. ಮುನೀರಾ, "ಪಂಚಾಂಗ ಹೇಳೈತ್ರಿ ಬಾಯಾರ" ಎಂದಳು. ಅವರು ಅದನ್ನೂ ಕೇಸು ಕಾಗದದಲ್ಲಿ ಬರೆದುಕೊಂಡರು. ಎರಡು ದಿನ ನನ್ನ ಎದೆಬಡಿತ ನೋಡಿಕೊಂಡರು. ಮೂರನೆಯ ದಿನ ಒಂದು ಸ್ಟೂಲು ಎಳೆದುಕೊಂಡು ನಮ್ಮಿಬ್ಬರ ಮುಂದೆ ಕುಳಿತು ಹತ್ತು ನಿಮಿಷ ಮಾತಾಡಿದರು. ಆ ಹತ್ತು ನಿಮಿಷವನ್ನೇ ನಾನು ನಿಮ್ಮಿಂದ ಬೇಡುತ್ತಿರುವುದು.

ಅವರು ಹೇಳಿದ್ದು ಇಷ್ಟು. ಈ ಗುಳಿಗೆ ತನ್ನ ಕೆಲಸ ತೋರಿಸಲು ಎರಡು ಮೂರು ವಾರ ಬೇಕು, ಅದರ ತೊಂದರೆಗಳು ಮಾತ್ರ ಮೊದಲ ದಿನವೇ ಬರುತ್ತವೆ, ಅದಕ್ಕೆ ಧೃತಿಗೆಡಬಾರದು. ಬಾಯಿ ಒಣಗುತ್ತದೆ, ಗುಟುಕು ಗುಟುಕಾಗಿ ನೀರು ಕುಡಿಯಬೇಕು, ಬಡೇಸೋಪು ಅಗಿಯಬೇಕು. ಹಾಸಿಗೆಯಿಂದ ಒಮ್ಮೆಲೇ ಏಳದೆ ಕೂತು, ಆಮೇಲೆ ನಿಲ್ಲಬೇಕು. ಮೂತ್ರ ಕಟ್ಟಿದರೆ, ಎದೆ ಓಡಿದರೆ, ಮಾತು ತಪ್ಪಿದರೆ ಕೂಡಲೇ ದವಾಖಾನೆಗೆ ಬರಬೇಕು. ಸೆರೆ ಕುಡಿಯಬಾರದು. ಒಂದು ಹೊತ್ತಿನದು ಮರೆತರೆ ಮರೆತದ್ದು ಹೋಯಿತು, ಎರಡು ಸೇರಿಸಿ ನುಂಗಬಾರದು. ಚೆನ್ನಾಯಿತೆಂದು ತಾವಾಗಿಯೇ ನಿಲ್ಲಿಸಬಾರದು. ನಿಲ್ಲಿಸುವ ಕಾಲ ಬಂದಾಗ ಡಾಕ್ಟರೇ ಮೆಲ್ಲಗೆ ಇಳಿಸುತ್ತಾರೆ. ನಡುವೆ ಬದುಕು ಬೇಡವೆನಿಸಿದರೆ ಅದು ರೋಗದ ಮಾತು, ಬಾಯಿಬಿಟ್ಟು ಹೇಳಬೇಕು. ಮತ್ತೊಂದು, ಪುಡಿಕೆ ರೋಗಿಯ ಕೈಯಲ್ಲಿ ಇರಬಾರದು. ಈಗ ಅದು ಮುನೀರಾಳ ಟ್ರಂಕಿನಲ್ಲಿದೆ, ಕೀಲಿ ಆಕೆಯ ಸೆರಗಿನಲ್ಲಿದೆ. ಇಷ್ಟು ಹೇಳಿ ಅವರು, "ನೀವು ಕೆಲಸ ಏನು ಮಾಡ್ತೀರಿ?" ಎಂದು ಕೇಳಿದರು. ಅಲ್ಲಿಯವರೆಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕ್ಲಾರಿನೆಟ್ ಎಂದೆ. ನಕ್ಕರು. ದಿನದ ಮೂರನ್ನೂ ಮಲಗುವಾಗ ಒಟ್ಟಿಗೆ ತೆಗೆದುಕೊಳ್ಳುವಂತೆ ಚೀಟಿ ತಿದ್ದಿದರು, ಇದು ನಿಮ್ಮೊಬ್ಬರಿಗೆ ಬರೆದದ್ದು, ಇನ್ನೊಬ್ಬರಿಗೆ ಹೇಳಬೇಡಿ ಎಂದರು. ಈಗ ಹಗಲು ಬಾಯಿ ಸಾಕಷ್ಟು ಒದ್ದೆ, ಕನಮಡಿಯ ಲಗ್ನದಲ್ಲಿ ಏರು ಸ್ವರ ಮುಟ್ಟಿದೆ, ಕುದುರೆ ಮುಂದಕ್ಕೇ ನಡೆಯಿತು.

ತಾವು ಏನು ಹೇಳುವಿರಿ ಎಂಬುದನ್ನು ಬಲ್ಲೆ. ಎಲ್ಲವನ್ನೂ ಹೇಳಿದರೆ ಹಳ್ಳಿಯ ಜನ ಹೆದರಿ ಗುಳಿಗೆ ಬಿಟ್ಟಾರು ಎನ್ನುವಿರಿ. ಮಾನ್ಯರೇ, ನಾನು ಬಿಟ್ಟದ್ದು ಹೇಳದೆ ಇದ್ದುದಕ್ಕೆ. ಜನರಿಗೆ ಓದು ಬರುವುದಿಲ್ಲ ಎನ್ನುವಿರಿ. ಹಾಗಾದರೆ ಎರಡು ವರ್ಷದ ಹಿಂದೆ ನಮ್ಮ ಓಣಿಯ ಪ್ರತಿ ಗೋಡೆಯ ಮೇಲೂ ಕೆಂಪು ತ್ರಿಕೋನ ಬರೆದು, ಮಕ್ಕಳೆಷ್ಟು ಸಾಕೆಂದು ಆಳೆತ್ತರದ ಅಕ್ಷರದಲ್ಲಿ ತಿಳಿಸಿದ್ದು ಯಾರಿಗಾಗಿ? ನನ್ನ ಮನೆಯ ಗೋಡೆಗೆ ಬಳಿಯಲು ಬಣ್ಣ ಸಿಕ್ಕಿತು, ನನ್ನ ಪುಡಿಕೆಗೆ ಮಸಿ ಸಿಗಲಿಲ್ಲವೇ? ಕಾಗದದ ಅಭಾವವೋ? ಎಮ್ಮೆಯ ಹಿಂದಿನ ಅಂಚು ಖಾಲಿ ಇತ್ತು, ಅಲ್ಲಿಯೇ ಬರೆಯಬಹುದಿತ್ತು. ಸಮಯದ ಅಭಾವವೆಂದರೆ ಮಾತ್ರ ನಾನು ಒಪ್ಪುತ್ತೇನೆ, ಆದರೆ ನನ್ನನ್ನು ಎರಡು ದಿನ ಮಲಗಿಸಿ ಹೊಲಿಗೆ ಹಾಕುವುದಕ್ಕೆ ಹಿಡಿದ ಸಮಯವನ್ನೂ ತಾವು ಒಮ್ಮೆ ನೋಡಬೇಕು.

ನನ್ನ ವಿಷಯ ಮುಗಿಯಿತು, ನಾನು ಬದುಕಿದ್ದೇನೆ. ಈ ಪತ್ರ ಬರೆದದ್ದು ಸಕ್ರವ್ವನ ಸೊಸೆ ಪರಸವ್ವನಿಗಾಗಿ. ಹತ್ತೊಂಬತ್ತು ವರ್ಷ, ಹೆರಿಗೆಯಾಗಿ ನಾಲ್ಕು ತಿಂಗಳು. ಕೂಸನ್ನು ಎತ್ತಿಕೊಳ್ಳುತ್ತಾಳೆ, ಆದರೆ ನೋಡುವುದಿಲ್ಲ. ನಾನು ನೋಡುತ್ತಿದ್ದಂತೆಯೇ ಗೋಡೆ ನೋಡುತ್ತಾಳೆ. ಮೊನ್ನೆ ಸಕ್ರವ್ವ ಬಂದು ಅಂಗಳದಲ್ಲಿ ನಿಂತು, "ಜಿಲಾನಿ ಅಣ್ಣಾ, ನಿನಗ ಹತ್ತಿದ ಗುಳಿಗಿ ನಮ್ಮ ಹುಡಿಗಿಗೂ ನಾಕು ಕೊಡೋ. ನಿನ್ನ ಪುಣ್ಯೇವ" ಎಂದಳು. ಮೂರು ತಿಂಗಳ ಹಿಂದೆಯಾಗಿದ್ದರೆ ಕೊಟ್ಟುಬಿಡುತ್ತಿದ್ದೆ. ಊರಲ್ಲಿ ನಾವು ಉಪ್ಪು, ಹೆಪ್ಪು, ಬೆಂಕಿ ಎಲ್ಲ ಹೀಗೆಯೇ ಕೊಡುತ್ತೇವೆ, ಇಲ್ಲವೆನ್ನುವುದು ನಮಗೆ ಬರುವುದಿಲ್ಲ. ಮುನೀರಾ ಸೆರಗಿನ ಕೀಲಿ ಬಿಗಿ ಹಿಡಿದು ಕನ್ನಡದಲ್ಲಿ ಇಲ್ಲವೆಂದಳು. ಸಕ್ರವ್ವ ಮುಖ ಸಣ್ಣ ಮಾಡಿಕೊಂಡು ಹೋದಳು. ಆಮೇಲೆ ನಾನೇ ಅವರ ಮನೆಗೆ ಹೋಗಿ, ಕೂಸಿಗೆ ಹಾಲು ಕೊಡುವವಳಿಗೆ ಏನು ಕೊಡಬೇಕೆಂಬುದನ್ನು ಡಾಕ್ಟರೇ ಹೇಳಬೇಕು ಎಂದು ತಿಳಿಸಿ ಒಪ್ಪಿಸಿದ್ದೇನೆ.

ಬರುವ ಗುರುವಾರ ಆಕೆ ನಿಮ್ಮಲ್ಲಿಗೆ ಬರುತ್ತಾಳೆ. ಹಸಿರು ಇಲಕಲ್ ಸೀರೆ, ಬಗಲಲ್ಲಿ ಕೂಸು. ಓದಲು ಬರುವುದಿಲ್ಲ, ಕೇಳಿದ್ದಕ್ಕೆ ಮಾತ್ರ ಉತ್ತರಿಸುತ್ತಾಳೆ, ಅದೂ ಮೆಲ್ಲಗೆ. ನನ್ನ ಬೇಡಿಕೆ ಇಷ್ಟೇ. ಅಂದು ನಿಮ್ಮ ಕಿಟಕಿಯ ಕೈ ಹೊರಗೆ ಬಂದು ಒಬ್ಬ ಮನುಷ್ಯನಾಗಬೇಕು. ಆಕೆಯನ್ನೂ ಆಕೆಯ ಅತ್ತೆಯನ್ನೂ ಕೂರಿಸಿ, ನೀನು ಕೂಸಿಗೆ ಹಾಲು ಕುಡಿಸುತ್ತೀಯಾ, ದಿನವಿಡೀ ಏನು ಕೆಲಸ ಮಾಡುತ್ತೀ, ಪುಡಿಕೆ ಯಾರ ಹತ್ತಿರ ಇರುತ್ತದೆ ಎಂದು ಕೇಳಬೇಕು. ಆ ಡಾಕ್ಟರ ಬಾಯಾರು ನಮಗೆ ಹೇಳಿದ್ದನ್ನು ಆಕೆಗೆ ಆಕೆಯ ಮಾತಿನಲ್ಲಿ ಹೇಳಬೇಕು. ಹೇಳಿದ್ದನ್ನು ಕನ್ನಡದಲ್ಲಿ, ಬೇಕಾದವರಿಗೆ ಉರ್ದು ಮರಾಠಿಗಳಲ್ಲಿ ಅಚ್ಚು ಹಾಕಿಸಿ ಪ್ರತಿ ಪುಡಿಕೆಯ ಜೊತೆಗೂ ಕೊಡಬೇಕು. ಆಕೆ ಹೋಗುವ ಮುನ್ನ, ಮೂರು ವಾರ ತಡಿ ತಂಗಿ, ಬೆಳಕಾಗುತ್ತದೆ, ಎಂಬ ಒಂದು ಮಾತನ್ನೂ ಸೇರಿಸಿದರೆ ನಿಮ್ಮ ನಿಯಮಕ್ಕೆ ಭಂಗ ಬರಲಾರದು.

ಇದು ತಮ್ಮಿಂದ ಆಗದಿದ್ದರೆ ನಾವೇ ಮಾಡುತ್ತೇವೆ. ಗುರುವಾರದಿಂದಲೇ ಆಷಾಢ ಹಿಡಿಯುತ್ತದೆ, ಒಂದು ತಿಂಗಳು ಎಲ್ಲಿಯೂ ಲಗ್ನವಿಲ್ಲ, ಕಂಪನಿಯ ಹನ್ನೊಂದೂ ಜನ ಖಾಲಿ ಇದ್ದೇವೆ. ಅಂದು ಬೆಳಿಗ್ಗೆ ಒಂಬತ್ತಕ್ಕೆ ಡೋಲು, ತುತ್ತೂರಿ, ಕ್ಲಾರಿನೆಟ್ ಸಮೇತ ಪರಸವ್ವನ ಜೊತೆಗೆ ಬಂದು ಬೇವಿನ ಗಿಡದ ಕೆಳಗೆ ನಿಲ್ಲುತ್ತೇವೆ. ಕಿಟಕಿ ಮಾತಾಡಿದರೆ ನಾವು ಸುಮ್ಮನಿರುತ್ತೇವೆ.

ಇಂತಿ, ತಮ್ಮ ಐದು ಮಾತುಗಳನ್ನು ನಂಬಿ ಹುಬ್ಬು ಹೊಲಿಸಿಕೊಂಡ,

ಜಿಲಾನಿ
ಕ್ಲಾರಿನೆಟ್ ಊದುವವನು, ತಿಕೋಟಾ
(ಮಲಗುವಾಗ ಮಾತ್ರ, ಡಾಕ್ಟರು ಬರೆದಷ್ಟೇ)